ಮಹಡಿ ಕೋಣೆಯ ಸಿಗ್ನಲ್

"ನನ್ನ ಹೆಂಡತಿಯನ್ನ ಯಾರೋ ಕದ್ದು ನೋಡ್ತಿದ್ದಾರಮ್ಮ," ಎಂದರು ಕನ್ನಡಕದಂಗಡಿಯ ಯಜಮಾನರು, ಕುರ್ಚಿಯ ತುದಿಯಲ್ಲಿ ಕೂತು.

ನನ್ನ ಸೋದರತ್ತೆ ಓದುತ್ತಿದ್ದ ಪೇಪರನ್ನು ಮಡಚಿಟ್ಟರು. ಬೀದಿಯವರ ಬಗೆಹರಿಯದ ಕಳವು, ಅನುಮಾನಗಳೆಲ್ಲ ಕೊನೆಗೆ ಬರುತ್ತಿದ್ದುದು ಅವರ ಬಳಿಗೇ. ಜೊತೆಗೆ ಹೋಗುವುದು ನನ್ನ ಪಾಲಿನ ಕೆಲಸವಾಗಿತ್ತು.

ಯಜಮಾನರ ಹೆಂಡತಿ ಪಾರ್ಶ್ವವಾಯು ಬಡಿದು, ಮಾತು ಹೋಗಿ ಹಾಸಿಗೆ ಹಿಡಿದಿದ್ದರು. ಅವರ ಕೋಣೆಯಲ್ಲಿ ಯಜಮಾನರು ಒಂದು ಕ್ಯಾಮರಾ ಇಟ್ಟಿದ್ದರು. ಮನೆಯ ವೈಫೈಯಲ್ಲಿ ಓಡುವಂಥದ್ದು. ಫೋನಿನಿಂದಲೇ ಅತ್ತಿತ್ತ ತಿರುಗಿಸಬಹುದು. ಈಗ ಅದನ್ನು ಬೇರೆ ಯಾರೋ ತಿರುಗಿಸುತ್ತಿದ್ದರು.

"ವೈಫೈ ಪಾಸ್‌ವರ್ಡ್ ಎರಡು ಸಲ ಬದಲಾಯಿಸಿದೆ. ಆದ್ರೂ ನಿಂತಿಲ್ಲ. ಹೊಸದು ಗೊತ್ತಿರೋದು ನನಗೆ, ನರ್ಸಮ್ಮನಿಗೆ ಅಷ್ಟೇ. ಅವಳನ್ನ ಬಿಡಿಸಿ ಪೊಲೀಸರಿಗೆ ಹೇಳ್ತೀನಿ."

"ಸ್ವಲ್ಪ ತಡೀರಿ," ಎಂದರು ಅತ್ತೆ.

ನಾವು ಅವರ ಮನೆಗೆ ಹೋದಾಗ ನರ್ಸಮ್ಮನ ಕಣ್ಣು ಅತ್ತು ಊದಿಕೊಂಡಿತ್ತು. "ಸುಮ್ಮನೆ ಕೂತ್ರೆ ಸೋಮಾರಿ, ಫೋನ್ ಮುಟ್ಟಿದ್ರೆ ಕಳ್ಳಿ. ನಾನೇನು ಗಾಳೀಲಿ ತೇಲಲಾ ಅಕ್ಕಾ?"

"ಕ್ಯಾಮರಾ ಯಾವ ಕಡೆ ತಿರುಗುತ್ತೆ?"

"ಅಮ್ಮನ ಮುಖದ ಕಡೆ. ಊಟ ಮಾಡಿಸೋ ಹೊತ್ತಿಗೆ. ವಿಚಿತ್ರ ಅಂದ್ರೆ, ಅದು ತಿರುಗಿದ ದಿನ ಅಮ್ಮ ಇನ್ನೆರಡು ತುತ್ತು ತಿಂತಾರೆ."

ಹಾಲ್‌ನಲ್ಲಿದ್ದ ವೈಫೈ ಪೆಟ್ಟಿಗೆಗೆ ಮೂರು ವೈರುಗಳಿದ್ದವು. ಒಂದು ಕರೆಂಟಿನದು, ಇನ್ನೊಂದು ಹೊರಗಿನಿಂದ ಬಂದದ್ದು. ಮೂರನೆಯದು ಗೋಡೆಗುಂಟ ಮಹಡಿ ಹತ್ತಿತ್ತು. ಅತ್ತೆ ಫೋನ್ ಹಿಡಿದು ಅದರ ಹಿಂದೆಯೇ ಹತ್ತಿದರು. ಹಾಲ್‌ನ ವೈಫೈ ಕ್ಷೀಣಿಸುತ್ತಾ ಹೋಯಿತು. ಬೀಗ ಹಾಕಿದ ಒಂದು ಬಾಗಿಲ ಮುಂದೆ ಬೇರೊಂದು ಹೆಸರಿನ ಸಿಗ್ನಲ್ ಪೂರ್ತಿ ತುಂಬಿಕೊಂಡಿತು.

"ಇದು ಯಾರ ಕೋಣೆ?"

"ಯಾರದ್ದೂ ಅಲ್ಲ," ಎಂದು ಯಜಮಾನರು ಇಳಿದು ಹೋದರು.

ಮರುದಿನ ಬೆಳಿಗ್ಗೆ ಅತ್ತೆ ಒಬ್ಬರೇ ಎಲ್ಲಿಗೋ ಹೋಗಿ ಬಂದರು. ಮಧ್ಯಾಹ್ನ ರೋಗಿಯ ಕೋಣೆಯಲ್ಲೇ ಎಲ್ಲರನ್ನೂ ಕೂರಿಸಿದರು.

"ನರ್ಸಮ್ಮ ಅಲ್ಲ," ಎಂದು ಮೊದಲು ಅದನ್ನೇ ಹೇಳಿದರು. "ದಿನವಿಡೀ ಎದುರಿಗೇ ಇರೋರಿಗೆ ಕ್ಯಾಮರಾ ಯಾಕೆ? ಕಳ್ಳನಾಗಿದ್ರೆ ಬೀರು ನೋಡ್ತಿದ್ದ. ಇಲ್ಲಿ ಮುಖ ನೋಡ್ತಿದ್ದಾರೆ, ಅದೂ ಊಟದ ಹೊತ್ತಿಗೆ. ಯಾರು ಅಂತ ಅಮ್ಮನಿಗೆ ಗೊತ್ತು. ಅದಕ್ಕೇ ಆ ಎರಡು ತುತ್ತು."

ಹಾಸಿಗೆಯಲ್ಲಿದ್ದವರು ಕಣ್ಣು ಮುಚ್ಚಿದರು.

"ಯಜಮಾನ್ರೇ, ನೀವು ಬದಲಾಯಿಸಿದ್ದು ಹಾಲ್‌ನ ಪೆಟ್ಟಿಗೆಯ ಪಾಸ್‌ವರ್ಡು. ಆ ವೈರು ಹೋಗಿ ಸೇರೋದು ಮಹಡಿ ಕೋಣೇಲಿರೋ ಇನ್ನೊಂದು ಪೆಟ್ಟಿಗೆಗೆ. ಅದರ ಪಾಸ್‌ವರ್ಡ್ ಹಳೇದೇ. ಕ್ಯಾಮರಾಕ್ಕೂ ಕೊಂಡಾಗ ಕಂಪನಿಯವರು ಕೊಟ್ಟದ್ದೇ ಇದೆ, ಯಾರಾದ್ರೂ ಊಹಿಸಬಹುದು. ಹಳೇದು ಗೊತ್ತಿದ್ದೋರು ಆರಾಮಾಗಿ ಒಳಗೆ ಬರಬಹುದು."

"ಅದು... ಮರೆತೇಹೋಗಿತ್ತು."

"ಮರೆತಿರಲಿಲ್ಲ. ನೆನಪು ಮಾಡ್ಕೊಂಡ್ರೆ ಬಾಗಿಲು ತೆಗೀಬೇಕಿತ್ತು."

ಯಜಮಾನರು ಹೆಂಡತಿಯ ಹೊದಿಕೆ ಸರಿಮಾಡಿದರು. ಆಮೇಲೆ, "ಅದು ಮಗಳ ಕೋಣೆ. ಅಂಗಡಿ ನೋಡ್ಕೊಳ್ಳೋದು ಬೇಡ ಅಂದ್ಲು. ನನ್ನ ಪಾಲಿಗೆ ಸತ್ತೆ ಹೋಗು ಅಂದೆ," ಎಂದರು.

"ಆ ಸಿಗ್ನಲ್ ನಿಮ್ಮ ಹಿತ್ತಿಲ ಹಿಂದಿನ ಮನೆಯಿಂದಾಚೆ ಹೋಗಲ್ಲ. ಅಲ್ಲಿ ಮೇಲಿನ ಕೋಣೆಗೆ ಹೊಸಬರು ಬಂದಿದ್ದಾರೆ ಅಂತ ಕೇಳಿ, ಬೆಳಿಗ್ಗೆ ಹೋಗಿ ನೋಡಿದೆ. ನಿಮ್ಮ ಮಗಳೇ. ಅಮ್ಮನಿಗೆ ಹೀಗಾಗಿದೆ ಅಂತ ತಿಳಿದ ವಾರವೇ ಬಂದಳಂತೆ. ಆ ಪೆಟ್ಟಿಗೆ ಕಿತ್ತು, ಕ್ಯಾಮರಾ ಪಾಸ್‌ವರ್ಡ್ ಬದಲಾಯಿಸಿದ್ರೆ ಇನ್ಯಾರೂ ನೋಡೋಕಾಗಲ್ಲ. ನನ್ನ ಕೆಲಸ ಅಷ್ಟೇ."

ಯಜಮಾನರು ನರ್ಸಮ್ಮನ ಮುಂದೆ ಕೈ ಮುಗಿದರು. ಚಪ್ಪಲಿ ಮೆಟ್ಟಿ ಹಿತ್ತಿಲ ಬಾಗಿಲಿನಿಂದ ಹೋದರು. ಸ್ವಲ್ಪ ಹೊತ್ತಿಗೆ ಒಬ್ಬರೇ ಬಂದರು.

"ಏನಂದ್ಲು?" ಎಂದು ಕೇಳಿದರು ಅತ್ತೆ.

"ತಪ್ಪಾಯ್ತು, ಪಾಸ್‌ವರ್ಡ್ ಬದಲಾಯಿಸ್ಕೊಳ್ಳಿ, ಇನ್ನು ನೋಡಲ್ಲ ಅಂದ್ಲು."

"ನೀವೇನಂದ್ರಿ?"

"ಬಾಗಿಲಿಂದಲೇ ವಾಪಸ್ ಬಂದೆ."

"ತಪ್ಪಾಯ್ತು ಅನ್ಬೇಕಾದೋರು ಅವಳಲ್ಲ ಯಜಮಾನ್ರೇ."

ಅವರು ಹೆಂಡತಿಯ ಕಡೆ ನೋಡಿದರು. ಆಕೆ ಕಣ್ಣು ತೆರೆದು ಅವರನ್ನೇ ನೋಡುತ್ತಿದ್ದರು. ಯಜಮಾನರು ಮತ್ತೆ ಹೊರಟರು.

ಬಿಸಿಲು ಇಳಿಯಿತು. ಯಾರೂ ಬರಲಿಲ್ಲ. ತಡೆಯಲಾರದೆ ನರ್ಸಮ್ಮ ಹಿತ್ತಿಲಿಗೆ ಹೋಗಿ ಇಣುಕಿ ಬಂದಳು.

"ಹಿಂದಿನ ಮನೆ ಮೆಟ್ಟಿಲ ಮೇಲೆ ಕೂತಿದ್ದಾರೆ, ಇಬ್ರೂ. ಮಾತಿಲ್ಲ ಕತೆಯಿಲ್ಲ."

"ಹತ್ತಿರ ಕೂತಿದ್ದಾರಾ?" ಎಂದು ಕೇಳಿದರು ಅತ್ತೆ.

ನರ್ಸಮ್ಮ ಹಾಸಿಗೆಯ ಕಡೆ ನೋಡಿದಳು. "ನಡುವೆ ಒಬ್ಬರು ಕೂರೋವಷ್ಟು ಜಾಗ ಇದೆ."