ಬೆರಳಷ್ಟು ಜಾಗ

"ಬೇರೆ ಏನು ಬೇಕಾದ್ರೂ ಸರಿ ಮಾಡಿ. ಆ ತಾಯಿ-ಮಗೂನ ಮಾತ್ರ ಮುಟ್ಟಬೇಡಿ," ಎಂದು ಅರ್ಚಕರು ಮತ್ತೊಮ್ಮೆ ಹೇಳಿದಾಗ, ಗುಡಿಯ ದುರಸ್ತಿಗೆಂದು ಹೊಸದಾಗಿ ಬಂದಿದ್ದ ಶಿಲ್ಪಿಗೆ ನಗು ತಡೆಯಲಾಗಲಿಲ್ಲ.

"ಯಾಕೆ ಸ್ವಾಮಿ, ಕಚ್ಚುತ್ತಾ?"

ಅರ್ಚಕರು ನಗಲಿಲ್ಲ. ಎಣ್ಣೆಹೊಗೆ ಕುಡಿದು ಕಪ್ಪಾದ ಕಂಬಗಳ ನಡುವೆ, ಬಾವಲಿಗಳ ನಾತ ಕವಿದ ಮೂಲೆಯಲ್ಲಿ ಆ ಶಿಲ್ಪವಿತ್ತು. ತಾಯಿ ಬಾಗಿ ಎರಡೂ ಕೈ ಚಾಚಿದ್ದಾಳೆ. ಮಗು ತುದಿಗಾಲಲ್ಲಿ ನಿಂತು ಕೈ ಎತ್ತಿದೆ. ನಡುವೆ ಬೆರಳಷ್ಟು ಜಾಗ.

"ಇದನ್ನ ಕೆತ್ತುವಾಗ ಕೆತ್ತಿದವನ ಮಗು ಜ್ವರದಲ್ಲಿ ಅಪ್ಪಾ ಅಪ್ಪಾ ಅಂತ ಕೂಗ್ತಿತ್ತಂತೆ. ಈ ಬೆರಳೊಂದು ಮುಗಿಸಿ ಬರ್ತೀನಿ ಅಂದನಂತೆ. ಹೋಗೋ ಹೊತ್ತಿಗೆ ಮಗು ಇಲ್ಲ. ಅವನ ಹೆಂಡತಿ ಮಾಟ ಮಾಡಿಸಿದಳು. ಈ ಕೈ ಆ ಕೈಗೆ ಯಾವನು ಸೇರಿಸ್ತಾನೋ, ಅವನ ಮಗು ಅವನ ಕೈಗೆ ಸಿಗದೆ ಹೋಗಲಿ ಅಂತ."

"ಕತೆ ಚೆನ್ನಾಗಿದೆ," ಎಂದ ಶಿಲ್ಪಿ. ಅವನಿಗೆ ದೇವರೆಂದರೆ ಕಲ್ಲು, ಕಲ್ಲೆಂದರೆ ಕೆಲಸ. ಮಾಟವೆಂದರೆ ಕೆಲಸಗಳ್ಳರ ನೆಪ.

ಅಂದು ಗುಡಿ ನೋಡಲು ಅವನ ಹೆಂಡತಿಯೂ ಮಗಳೂ ಬಂದಿದ್ದರು. ಮಗಳನ್ನು ಎಲ್ಲರೂ ಕರೆಯುತ್ತಿದ್ದುದು ಚಿನಕುರುಳಿ ಎಂದೇ. ಅಪ್ಪನ ಹೆಗಲೇ ಅವಳ ಮನೆ, ಇಳಿಸಿದರೆ ರಂಪ. ಆ ಹೆಗಲ ಮೇಲಿಂದಲೇ ಶಿಲ್ಪವನ್ನು ನೋಡಿ ಮುಖ ಸಣ್ಣ ಮಾಡಿದಳು.

"ಅಪ್ಪಾ, ಆ ಅಮ್ಮ ಯಾಕೆ ಪಾಪೂನ ಎತ್ಕೊಳ್ತಿಲ್ಲ?"

"ಎತ್ಕೊಳ್ತಾಳೆ ಕಣಮ್ಮ. ನಾನಿದೀನಲ್ಲ."

ಮಗಳು ಕೇಳಿದ್ದಕ್ಕೆ ಅವನು ಇಲ್ಲ ಎಂದವನೇ ಅಲ್ಲ. ಅದನ್ನು ತಪ್ಪು ಎನ್ನುವುದಾದರೆ, ಅವನು ಮಾಡಿದ ತಪ್ಪು ಅಷ್ಟೇ. ಅರ್ಚಕರು ಗರ್ಭಗುಡಿಯ ಕಡೆ ತಿರುಗಿದ್ದೇ ತಡ, ಮಗಳನ್ನು ಹೆಂಡತಿಯ ಕೈಗಿತ್ತು ಕಲ್ಲುಪುಡಿಗೆ ಅಂಟು ಕಲಸಿದ.

ಕಲ್ಲುಮಗುವಿನ ಬೆರಳ ತುದಿಯಲ್ಲೊಂದು ತೂತಿತ್ತು. ಯಾರೋ ಮೇಣ ಮೆತ್ತಿ ಮುಚ್ಚಿದ್ದರು. ಉಳಿಯಿಂದ ಕೆದಕಿದ. ಎಳೆಯ ಕೂದಲಿನ ಸುರುಳಿಯೊಂದು ಈಚೆ ಬಂತು, ಅದರೊಳಗೆ ಒಂದು ಹಾಲುಹಲ್ಲು. ಜ್ವರದ ಬೆವರಿನ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು.

"ರೀ, ಬೇಡ ಬಿಡ್ರೀ," ಎಂದಳು ಹೆಂಡತಿ.

ಅವನು ಅದನ್ನು ಉಫ್ ಎಂದು ಊದಿ ಹಾರಿಸಿದ. ತೂತು ತುಂಬಿದ. ಬೆರಳಿಗೆ ಬೆರಳು ಸೇರಿಸಿದ.

"ನೋಡು ಚಿನಕುರುಳಿ, ಎತ್ಕೊಂಡ್ಳು!"

ಮಗಳು ನೋಡಲಿಲ್ಲ.

"ರೀ! ಇವಳ ಮೈ ತಣ್ಣಗಾಗ್ತಿದೆ ರೀ!"

ಅವಳು ಅಪ್ಪನ ಕಡೆ ಕೈ ಎತ್ತಿದ್ದಳು. ಎತ್ತಿದ ಕೈ ಹಾಗೇ ನಿಂತಿತ್ತು. ಬೆರಳು ಮಡಚಲಿಲ್ಲ. ರೆಪ್ಪೆ ಮಿಟುಕಲಿಲ್ಲ. ದೀಪ ಆರಿತು. ಬಾವಲಿಗಳು ಒಮ್ಮೆಲೇ ಎದ್ದವು. ಕತ್ತಲಲ್ಲಿ ಎಲ್ಲೋ ಒಂದು ಮಗು ಅಪ್ಪಾ, ಅಪ್ಪಾ ಎಂದು ಕೂಗುತ್ತಿತ್ತು. ಅದು ಇವಳ ದನಿಯಲ್ಲ. ಸುತ್ತಿಗೆಗೆ ತಡಕಾಡಿದ. ಸಿಕ್ಕಿತು. ಬೀಸಿದ. ಮತ್ತೆ ಬೀಸಿದ. ಕಲ್ಲು ಸಿಡಿಯಿತು.

ಕೂಗು ನಿಂತಿತು. ಮಗಳು ಉಸಿರೆಳೆದು, ಅಮ್ಮಾ ಎಂದು ಅತ್ತಳು.

ಅವನು ಅಳುತ್ತಲೇ ಎರಡೂ ಕೈ ಚಾಚಿದ. ಅವಳು ತಾಯಿಯ ಕುತ್ತಿಗೆಯಲ್ಲಿ ಮುಖ ಹುದುಗಿಸಿಕೊಂಡಳು.

"ಅಮ್ಮಾ, ಈ ಮಾಮ ಯಾರು?"

ದೀಪ ಹಿಡಿದು ಓಡಿಬಂದ ಅರ್ಚಕರು ನೆಲದ ಮೇಲೆ ಉದುರಿದ್ದ ಕಲ್ಲಿನ ಬೆರಳುಗಳನ್ನು ನೋಡಿದರು. "ಜೀವ ಉಳಿಸ್ಕೊಂಡ್ರಿ," ಎಂದರು ಮೆಲ್ಲಗೆ. ಬಾಗಿ ಆ ಬೆರಳುಗಳನ್ನು ಒಂದೊಂದಾಗಿ ಆಯ್ದುಕೊಳ್ಳತೊಡಗಿದರು.

ಚಿನಕುರುಳಿ ಈಗ ಶಾಲೆಗೆ ಹೋಗುತ್ತಾಳೆ. ಅವನನ್ನು ಅಪ್ಪ ಎಂದೇ ಕರೆಯುತ್ತಾಳೆ, ಅಮ್ಮ ಹೇಳಿಕೊಟ್ಟಿದ್ದಾಳಲ್ಲ. ಪಕ್ಕದ ಮನೆಯವರ ಹೆಗಲೇರುತ್ತಾಳೆ, ಹಾಲಿನವನ ಹೆಗಲನ್ನೂ ಬಿಡುವುದಿಲ್ಲ. ಅವನು ದಿನಾ ಸಂಜೆ ಕೆಲಸದಿಂದ ಬಂದು, ಕೈಗಂಟಿದ ಕಲ್ಲುಪುಡಿ ತೊಳೆದು, ಬಾಗಿಲಲ್ಲಿ ಮಂಡಿಯೂರಿ ಕೈ ಚಾಚುತ್ತಾನೆ. ಅವನ ಎದೆ ಒಡೆಯುವುದು ಆಗಲೇ. ಅವಳೂ ಬರಬೇಕೆಂದೇ ಓಡಿ ಬರುತ್ತಾಳೆ, ಪಾಪ. ತುದಿಗಾಲಲ್ಲಿ ನಿಂತು ಕೈ ಎತ್ತುತ್ತಾಳೆ.

ಬೆರಳಷ್ಟು ಜಾಗ ಉಳಿದಿರುವಾಗ ನಿಂತುಬಿಡುತ್ತಾಳೆ.