ಉಹೂಂನ ಉ

“ಏನೇ, ಮದುವೆಗೆ ಒಪ್ಕೊಂಡ್ಬಿಟ್ಟಿದ್ದೀಯ! ನಮಗೊಂದು ಮಾತು ಹೇಳೋದಲ್ವಾ?” ಅತ್ತಿಗೆ ನಗುತ್ತ ತನ್ನ ಫೋನನ್ನು ನಾದಿನಿಯ ಕಿವಿಗೆ ಹಿಡಿದಳು.

ಅಣ್ಣನ ಫೋಟೋ ಫ್ರೇಮ್ ಅಂಗಡಿಯಲ್ಲಿ ಗಾಜು ಕೊಯ್ಯುತ್ತಿದ್ದ ಅವಳ ಕೈ ನಿಂತಿತು. ಅಂಗಡಿಯ ಮೇಲಿನ ಕೋಣೆಯಲ್ಲಿ ಕಂಪ್ಯೂಟರಿನಲ್ಲೇ ಸಂಗೀತ ಕಟ್ಟುವವನು ತನ್ನ ಹಳೆಯ ನಿಧಾನದ ಹಾಡುಗಳನ್ನು ಕುಣಿಯಲು ಬರುವಂತೆ ಹೊಸದಾಗಿ ಮಾಡಿ, ಅತ್ತಿಗೆಗೆ ಕಳಿಸಿದ್ದ. ನಾಳೆ ಬಿಡುಗಡೆ. ಧಡಧಡ ಬೀಟಿನ ನಡುವೆ ಅವಳದೇ ದನಿ: ಹೂಂ, ಹೂಂ, ಹೂಂ.

ಅವಳು ಹಾಗೆ ಹೇಳಿರಲೇ ಇಲ್ಲ.

ಹಿಂದೊಮ್ಮೆ ಅವನು ಅಂಗಡಿಯ ಸದ್ದುಗಳನ್ನು ರೆಕಾರ್ಡ್ ಮಾಡಲು ಬಂದಿದ್ದ. ಸುತ್ತಿಗೆ, ಗರಗಸ, ಗಾಜು ಎಲ್ಲ ಆದಮೇಲೆ ಇದ್ದಕ್ಕಿದ್ದಂತೆ, “ನನ್ನ ಮದುವೆ ಆಗ್ತೀರಾ?” ಎಂದಿದ್ದ. ಗಾಬರಿಯಲ್ಲಿ ಅವಳ ಬಾಯಿಂದ ಬಂದದ್ದು ‘ಉಹೂಂ.’ ಮೈಕ್ ಆನ್ ಇತ್ತು. ಅವಳನ್ನು ಕೇಳಿಯೇ ಅವನು ಅದನ್ನು ಒಂದು ಹಾಡಿನ ಕೊನೆಗೆ ಸೇರಿಸಿದ್ದ. ಮತ್ತೆಂದೂ ಆ ಮಾತು ಎತ್ತಲಿಲ್ಲ. ಎತ್ತಲಿ ಎಂದು ಅವಳು ಕಾದದ್ದು, ಅವನು ಮೆಟ್ಟಿಲಿಳಿಯುವ ಸದ್ದಿಗೆ ಮುಂಗುರುಳು ಸರಿಮಾಡಿಕೊಂಡದ್ದು ಅತ್ತಿಗೆಯನ್ನು ಬಿಟ್ಟರೆ ಬೇರೆ ಯಾರಿಗೂ ಗೊತ್ತಿಲ್ಲ.

ತಾನು ಕೂಡಿಟ್ಟುಕೊಂಡಿದ್ದ ಮಾತನ್ನು ಬೇರೆ ಯಾರೋ ಖರ್ಚು ಮಾಡಿಬಿಟ್ಟಂತಾಯಿತು.

ಎಂದೂ ಹತ್ತದ ಮೆಟ್ಟಿಲು ಹತ್ತಿದಳು.

“ನನ್ನ ಉ ಎಲ್ಲಿ?”

ಅವನು ಹೆಡ್‌ಫೋನ್ ತೆಗೆದ. “ಏನು?”

“ನಾನು ಹೇಳಿದ್ದು ಉಹೂಂ. ನೀವು ಉ ಕತ್ತರಿಸಿಬಿಟ್ಟಿದ್ದೀರ.”

“ಅದು... ಬೀಟಿಗೆ ಕೂರ್ತಾ ಇರಲಿಲ್ಲ. ಕುಣಿಯೋರಿಗೆ ಹೆಜ್ಜೆ ತಪ್ಪುತ್ತೆ.”

“ಫೋಟೋ ದೊಡ್ಡದಾದ್ರೆ ನಾವು ಫ್ರೇಮ್ ಬದಲಾಯಿಸ್ತೀವಪ್ಪ. ತಲೆ ಕತ್ತರಿಸಲ್ಲ.”

ಅವನಿಗೆ ನಗು ಬಂತು. ಅವಳ ಕಣ್ಣು ನೋಡಿ ನುಂಗಿಕೊಂಡ.

“ಬೀಟು ಅಂದಿದ್ದು ಅರ್ಧ ಸುಳ್ಳು,” ಎಂದ ಮೆಲ್ಲಗೆ. “ಒಂದು ಸಲ ಕತ್ತರಿಸಿ ಕೇಳಿದೆ. ಆಮೇಲೆ ವಾಪಸ್ ಸೇರಿಸೋಕೆ ಮನಸ್ಸು ಬರಲಿಲ್ಲ. ತಪ್ಪಾಯ್ತು.”

ಪರದೆಯ ಕಡೆ ತಿರುಗಿ ಏನೇನೋ ಒತ್ತಿದ. ಉ ವಾಪಸಾಯಿತು. ಹಾಡು ಆ ಜಾಗದಲ್ಲಿ ಒಮ್ಮೆ ಎಡವಿ, ಮತ್ತೆ ಓಡಿತು.

“ಹೀಗೇ ಬಿಡ್ತೀನಿ. ಎಡವಿದ್ರೆ ಎಡವಲಿ.”

ಬಂದ ಕೆಲಸ ಮುಗಿದಿತ್ತು. ಆದರೂ ಅವಳು ಬೆರಳಿಗಂಟಿದ ಗಾಜಿನ ಪುಡಿ ಒರೆಸುತ್ತ ನಿಂತಳು. ಅವನು ಅವಳನ್ನು ನೋಡಿದ. ಅವಳು ಮೈಕನ್ನು ನೋಡಿದಳು.

“ಕತ್ತರಿಸೋ ಬದಲು ಇನ್ನೊಂದು ಸಲ ಕೇಳಬಹುದಿತ್ತಲ್ಲ.”

ಅವನ ಕುರ್ಚಿ ಕಿರ್ರೆಂದಿತು.

“ನನ್ನ... ಮದುವೆ ಆಗ್ತೀರಾ?”

“ಮೊದಲು ಆ ಮೈಕ್ ಆಫ್ ಮಾಡು.”

“ಮಾಡಿ ಅಲ್ಲ... ಮಾಡು ಅಂದ್ರಾ?”

“ಮಾಡು ಅಂದೆ.”

ಅವನ ಕೈ ಸ್ವಿಚ್ಚಿಗಾಗಿ ತಡಕಾಡಿತು. ಕೆಂಪು ದೀಪ ಆರಿದ ಮೇಲೆ ಅವಳು ಹೇಳಿದ ‘ಹೂಂ’ ಅವನೊಬ್ಬನಿಗೇ ಕೇಳಿಸುವಷ್ಟು ಮೆಲ್ಲಗಿತ್ತು.

ಮರುದಿನ ಹಾಡು ಅವಳ ‘ಉಹೂಂ’ನೊಂದಿಗೇ ಹೊರಟಿತು. ಕುಣಿಯುವವರು ಅಲ್ಲಿ ಒಂದು ಹೆಜ್ಜೆ ತಪ್ಪಿದರು, ಒಬ್ಬರ ಮುಖ ಒಬ್ಬರು ನೋಡಿ ನಕ್ಕರು, ಕೈ ಹಿಡಿದುಕೊಂಡು ಮತ್ತೆ ಕುಣಿದರು.