ಖಾಲಿ ಫಲಕ

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಮೆಟ್ರೋ ಓಡತೊಡಗಿ ಇಪ್ಪತ್ತು ವರ್ಷವಾದ ಮೇಲಿನ ಮಾತು. ಬೋಗಿಯಲ್ಲಿ ಕಾಲಿಡಲು ಜಾಗವಿರಲಿಲ್ಲ, ಆದರೂ ನೂಕುನುಗ್ಗಲಿಲ್ಲ, ಜಗಳವಿಲ್ಲ. ಪ್ರತಿ ಆಸನದ ಮೇಲೊಂದು ಪುಟ್ಟ ಫಲಕ. ಅದರಲ್ಲಿ ಕೂತವರು ಇಳಿಯುವ ನಿಲ್ದಾಣದ ಹೆಸರು. ಉಣಕಲ್ ಎಂದು ಹೊತ್ತಿದ ಕಡೆಗೆ ನಿಂತವರು ಸದ್ದಿಲ್ಲದೆ ಸರಿಯುತ್ತಿದ್ದರು. ಯಾರೂ ಯಾರನ್ನೂ ಏನೂ ಕೇಳಬೇಕಿರಲಿಲ್ಲ.

ಅದು ಡಾಕ್ಟರ್ ಪಲ್ಲವಿ ಯಲಿಗಾರ ಕಂಡುಹಿಡಿದ ಆಸನ. ಧ್ವನಿವರ್ಧಕ ಮುಂದಿನ ನಿಲ್ದಾಣಗಳನ್ನು ಓದುವಾಗ, ತನ್ನ ನಿಲ್ದಾಣದ ಹೆಸರು ಬಂದ ಕೂಡಲೇ ಮನುಷ್ಯನ ಬೆನ್ನು ಅವನಿಗೇ ತಿಳಿಯದಂತೆ ತುಸು ಬಿಗಿಯುತ್ತದೆ. ಆ ಸಣ್ಣ ವಿದ್ಯುತ್ ಸಂಕೇತವನ್ನು ಆಸನದ ಬಟ್ಟೆ ಹಿಡಿಯುತ್ತದೆ, ಅಷ್ಟೇ. ಎಲ್ಲಿಗೂ ಹೋಗಬೇಕಿಲ್ಲದವರ ಫಲಕ ಮಾತ್ರ ಖಾಲಿ. ಪ್ರಶಸ್ತಿ, ಶಾಲು, ಹಾರ ಎಲ್ಲ ಆಯಿತು. ಖಾಲಿ ಫಲಕಗಳ ಬಗ್ಗೆ ಪಲ್ಲವಿ ತಲೆ ಕೆಡಿಸಿಕೊಂಡಿರಲಿಲ್ಲ. ಊರು ಕೆಡಿಸಿಕೊಂಡಿತು.

ಆ ಮಧ್ಯಾಹ್ನ ಪಾಲಿಕೆಯ ಸಭೆಯಲ್ಲಿ ಜನ ಕಿತ್ತಾಡಿದ್ದರು. ಮನೆಯಿಲ್ಲದವರು ಬಿಸಿಲು ತಾಳದೆ ಮೆಟ್ರೋ ಹತ್ತಿ ದಿನವಿಡೀ ಕೂತಿರುತ್ತಾರಲ್ಲ, ಅವರನ್ನೇನು ಮಾಡುವುದು?

“ನಮ್ಮವ್ವ ಮೊಣಕಾಲು ಹಿಡ್ಕೊಂಡು ನಿಂತಿರ್ತಾಳ, ಅವ್ರು ಕಾಲು ಚಾಚಿ ಮಲಗಿರ್ತಾರ. ಇದು ನ್ಯಾಯ ಏನ್ರಿ?” ಎಂದು ಒಬ್ಬ ಮಾಸ್ತರ ಕೂಗಿದ.

“ಇಳಿಸಿ ಎಲ್ಲಿಗೆ ಕಳಸ್ತೀರಿ? ಮೊದ್ಲ ಅವ್ರಿಗೊಂದು ಸೂರು ಕಟ್ರಿ!” ಎಂದು ವಕೀಲೆಯೊಬ್ಬಳು ಎದ್ದಳು.

ಅಧ್ಯಕ್ಷರು ಪಲ್ಲವಿಯ ಕಡೆ ತಿರುಗಿದರು. “ಡಾಕ್ಟರ, ನಿಮ್ಮ ಫಲಕ ತಪ್ಪು ಹೇಳ್ತದೇನ್ರಿ?”

“ಇಲ್ರಿ,” ಎಂದಳು ಪಲ್ಲವಿ. ಜಂಬ, ಇನ್ನೇನು! ಅಷ್ಟು ಹೇಳಿ ಕೂತುಬಿಟ್ಟಳು. ಖಾಲಿ ಫಲಕದವರನ್ನು ಕೊನೆಯ ನಿಲ್ದಾಣದಲ್ಲಿ ಹಿಡಿದು ಇಳಿಸಬೇಕು, ಮತ್ತೆ ಹತ್ತಗೊಡಬಾರದು ಎಂದು ತೀರ್ಮಾನವಾಯಿತು. ಇವತ್ತಿನಿಂದಲೇ.

ಈಗ ಸಂಜೆ ಮೆಟ್ರೋದಲ್ಲಿ ಮನೆಗೆ ಹೊರಟವಳ ಪಕ್ಕದಲ್ಲೇ ಒಬ್ಬ ಮುದುಕಿ, ತೊಡೆಯ ಮೇಲೊಂದು ಗಂಟು. ಫಲಕ ಖಾಲಿ. ಪಲ್ಲವಿ ಅವಳ ಕಡೆ ತಿರುಗಿದಳು.

“ಎಲ್ಲಿ ಇಳಿತೀರಿ?” ಎಂದು ಕೇಳಿಬಿಟ್ಟಳು.

ಮುದುಕಿಯ ಮುಖ ಅರಳಿತು. “ಯವ್ವಾ, ಎಷ್ಟ್ ವರ್ಷಾತು ಯಾರರ ಹಿಂಗ ಕೇಳಿ! ಮೊದ್ಲ ನಿಂತೋರು ಕೇಳತಿದ್ರು. ‘ದಾನವ್ವಾ, ಏನರ ಹೇಳಬೇಕಲ್ಲ’ ಅಂತ ನನಗ ನಾನ ಅಂದ್ಕೊಂಡು ನವಲೂರ ಅಂದಬಿಡ್ತಿದ್ದೆ. ಅಂದ ಮ್ಯಾಲೆ ಕುಂತಿರಾಕ ಆಗತೈತೇನು? ಸೀಟು ಬಿಟ್ಟು ಇಳಿತಿದ್ದೆ, ಒಂದೀಟು ಅಡ್ಡಾಡಿ ಮತ್ತ ಹತ್ತತಿದ್ದೆ. ಈಗ ಎಲ್ಲಾರೂ ನನ್ನ ತಲಿ ಮ್ಯಾಲೆ ನೋಡ್ತಾರ, ಮಾರಿ ನೋಡೂದಿಲ್ಲ.”

ಪಲ್ಲವಿಗೆ ಕಪಾಳಕ್ಕೆ ಬಿಗಿದಂತಾಯಿತು. ಆ ಪ್ರಶ್ನೆಯೊಂದು ಕಿರಿಕಿರಿ ಎಂದುಕೊಂಡೇ ಅಲ್ಲವೇ ಅವಳು ಈ ಆಸನ ಮಾಡಿದ್ದು!

“ಇವತ್ತಿಂದ ಖಾಲಿ ಇದ್ದೋರನ್ನ ಹಿಡಿದು ಇಳಸ್ತಾರ. ಯಾವ್ದರ ಒಂದು ಸ್ಟೇಷನ್ ನೆನಸ್ಕೊರಿ,” ಎಂದಳು.

ದಾನವ್ವ ಕಣ್ಣು ಮುಚ್ಚಿ ಒದ್ದಾಡಿದಳು. ಧ್ವನಿವರ್ಧಕ ಒಂದೊಂದೇ ನಿಲ್ದಾಣ ಓದಿತು, ಫಲಕ ಹೊತ್ತಲಿಲ್ಲ. ಧಾರವಾಡದ ಕೊನೆಯ ನಿಲ್ದಾಣ ಹತ್ತಿರವಾಗುತ್ತಿತ್ತು.

“ನನ್ನ ಜೋಡಿ ಬರ್ರಿ. ಸಪ್ತಾಪುರಕ್ಕ, ನಮ್ಮನಿಗೆ,” ಎಂದಳು ಪಲ್ಲವಿ ಗಡಬಡಿಸಿ.

ಧ್ವನಿವರ್ಧಕ ಕೊನೆಯದಕ್ಕೂ ಮೊದಲಿನ ನಿಲ್ದಾಣದ ಹೆಸರು ಓದಿತು. ಫಲಕ ಹೊತ್ತಿತು: ಸಪ್ತಾಪುರ.

ಮುದುಕಿಯ ಬೆನ್ನು ನಂಬಿತ್ತು. ಪಲ್ಲವಿ ಹೇಳಿದ್ದು ಮಾತ್ರ ಫಲಕ ಹೊತ್ತಲಿ ಎಂದು.

ಇಬ್ಬರೂ ಇಳಿದರು. ನಿಲ್ದಾಣದ ಹೊರಗೆ ಪಲ್ಲವಿಯ ಕಾಲು ನಿಧಾನವಾಯಿತು. ಅವಳ ಮನೆಯ ಹೊಸ್ತಿಲನ್ನು ಅವಳ ಹೊರತು ಇನ್ನೊಬ್ಬರು ತುಳಿದು ವರ್ಷಗಳೇ ಆಗಿದ್ದವು. ಒಳಗೊಂದು ಹಾಸಿಗೆ ಸುಮ್ಮನೆ ಬಿದ್ದಿತ್ತು. ಆದರೂ ಹೆದರಿಕೆ. ಏತರ ಹೆದರಿಕೆ? ಅವಳಿಗೇ ಗೊತ್ತಿಲ್ಲ.

ದಾನವ್ವ ಅವಳ ಮುಖ ನೋಡಿದಳು. “ಹೆಣಗಾಡಬ್ಯಾಡ ತಂಗಿ. ಆ ದೀಪ ಹತ್ತಲಿ ಅಂತ ಅಂದಿ, ತಿಳೀತು. ನೀ ಹೋಗು, ಕತ್ತಲಾಗತೈತಿ.”

ಪಲ್ಲವಿ ಹೋದಳು. ಓಣಿಯ ತಿರುವಿನಲ್ಲಿ ತಡೆಯಲಾಗದೆ ನಿಲ್ದಾಣಕ್ಕೆ ಮತ್ತೆ ಓಡಿ ಬಂದು ನೋಡಿದರೆ ದಾನವ್ವ ಇರಲಿಲ್ಲ. ಬಂದವರನ್ನೆಲ್ಲ ನಿಲ್ಲಿಸಿ ಕೇಳಿದಳು. ಗಂಟು ಹಿಡಿದ ಮುದುಕಿಯನ್ನು ಯಾರೂ ನೋಡಿರಲಿಲ್ಲ. ಅವರೆಲ್ಲ ಮನೆಗೆ ಹೋಗುವ ಅವಸರದಲ್ಲಿದ್ದರು.

ನಿಲ್ದಾಣದ ಹೊರಗೆ ಇನ್ನೊಮ್ಮೆ “ಬರ್ರಿ, ಹೋಗೋಣ,” ಎಂದಿದ್ದರೆ ಆಗುತ್ತಿತ್ತು. ಅದಕ್ಕೆ ಯಾವ ಯಂತ್ರವೂ ಬೇಕಿರಲಿಲ್ಲ. ಇವತ್ತೂ ಬೇಕಿಲ್ಲ.